ಸೀಮೆಯ ಗೆರೆಯಲ್ಲಿ ನಿಂತುಹೋದ ಸಂಭ್ರಮ

2023ರ ನವೆಂಬರ್ 2ರಂದು ಹಂಪಿಯಲ್ಲಿ ಚಾಲನೆ ಪಡೆದ ‘ಕರ್ನಾಟಕ ಸಂಭ್ರಮ–50’ ಯಶಸ್ವಿಯಾಯಿತು ಎಂಬ ಮಾತನ್ನು ಈಗ ಯಾರೂ ಪ್ರಶ್ನಿಸುತ್ತಿಲ್ಲ. ಮೈಸೂರು ರಾಜ್ಯ 1973ರಲ್ಲಿ ಕರ್ನಾಟಕವಾದುದರ ನೆನಪಿಗೆ ಈ ಕಾರ್ಯಕ್ರಮ ವರ್ಷವಿಡೀ ನಡೆಯಿತು. ಶಾಲೆ ಕಚೇರಿಗಳಲ್ಲಿ ಐದು ಕವಿಗಳ ಐದು ಹಾಡು ಮೊಳಗಿದವು. ಅದು ಸಣ್ಣ ಲಾಭವಲ್ಲ. ಆದರೆ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮುರುಗಳ ಕಡೆಯಿಂದ ನೋಡಿದರೆ ಆ ಯಶಸ್ಸಿನ ಮಾತು ನನಗೆ ಒಪ್ಪಿಗೆಯಾಗುವುದಿಲ್ಲ. ಅಕ್ಕಪಕ್ಕದ ಎರಡು ತಾಲ್ಲೂಕುಗಳು ಮುಂದೆಯೂ ಕೂಡಿ ಕೆಲಸ ಮಾಡಲಿ ಎಂಬ ಯೋಚನೆಗೆ ಅದರ ರಚನೆಯಲ್ಲೇ ಜಾಗವಿರಲಿಲ್ಲ.

ಸಂಭ್ರಮದ ಅಂಗವಾಗಿ ತಾಲ್ಲೂಕಿನಿಂದ ತಾಲ್ಲೂಕಿಗೆ ಸಾಗಿದ ಜ್ಯೋತಿ ರಥದ ನಡೆಯನ್ನೇ ಬಿಡಿಸಿ ನೋಡೋಣ. ರಥ ತಾಲ್ಲೂಕಿನ ಗಡಿಗೆ ಬರುತ್ತದೆ. ಪೂರ್ಣಕುಂಭ, ಅಧಿಕಾರಿಗಳ ಪುಷ್ಪಾರ್ಚನೆ, ಮುಂದೆ ಕಲಾತಂಡ, ಮುಖ್ಯಬೀದಿಯ ಮೆರವಣಿಗೆ, ಭಾಷಣ. ಆಮೇಲೆ ಮುಂದಿನ ತಾಲ್ಲೂಕಿಗೆ ಬೀಳ್ಕೊಡುಗೆ. ಈ ಇಡೀ ಕ್ರಮದಲ್ಲಿ ಎರಡು ಸೀಮೆಯ ಜನ ಎದುರುಬದುರಾಗುವುದು ಒಂದೇ ಗಳಿಗೆಯಲ್ಲಿ, ರಥ ಕೈದಾಟುವಾಗ. ಆ ಗಳಿಗೆಗೆ ವಿಧಿಸಿರುವ ಕೆಲಸವೋ ಬೇರೆಯಾಗುವುದು. ಕರೆತಂದವರು ಹಿಂದಿರುಗುತ್ತಾರೆ, ಎದುರುಗೊಂಡವರು ಕರೆದೊಯ್ಯುತ್ತಾರೆ. ಉರುಮೆಯವರೂ ಕೋಲಾಟದವರೂ ಒಟ್ಟಿಗೆ ಒಂದು ರಾತ್ರಿ ಕೂತು ಒಬ್ಬರ ಮಟ್ಟನ್ನು ಇನ್ನೊಬ್ಬರು ಕೇಳುವುದಕ್ಕೆ ಅಲ್ಲಿ ಎಡೆಯಿಲ್ಲ. ಪ್ರತಿ ತಾಲ್ಲೂಕೂ ರಾಜಧಾನಿಯಿಂದ ಬಂದದ್ದರ ಜೊತೆ ಸಂಬಂಧ ಬೆಳೆಸುತ್ತದೆ, ಪಕ್ಕದ ಊರಿನ ಜೊತೆ ಅಲ್ಲ. ಕಲಾವಿದರ ಕೊರತೆಯೂ ಅಧಿಕಾರಿಗಳ ಉದಾಸೀನವೂ ಇದಕ್ಕೆ ಕಾರಣವಲ್ಲ. ಮೆರವಣಿಗೆ ಎಂಬ ಪ್ರಕಾರದ ಮಿತಿಯೇ ಇದು.

ಈ ನೆಲಕ್ಕೆ ಕೂಡಿ ಮಾಡುವುದು ಹೊಸತೇನಲ್ಲ. ಗೌರಸಮುದ್ರದ ಮಾರಮ್ಮನ ಪರಿಷೆಗೆ ಆಂಧ್ರದ ಊರುಗಳಿಂದಲೂ ಒಕ್ಕಲು ಬರುತ್ತದೆ. ರಾಜ್ಯದ ಗಡಿ ಅವರ ಹರಕೆಗೆ ಅಡ್ಡಬಂದಿಲ್ಲ. ಪುರ್ಲಹಳ್ಳಿ ಬಳಿಯ ಕ್ಯಾತೆದೇವರ ಜಾತ್ರೆಯಲ್ಲಿ ಕಾಡುಗೊಲ್ಲರು ಬಾರೆಕಳ್ಳೆಯ ಮುಳ್ಳಿನ ಗುಡಿ ಕಟ್ಟಿ, ಬರಿಗಾಲಲ್ಲಿ ಹತ್ತಿ ಕಳಶ ಇಳಿಸುತ್ತಾರೆ. ಮುಳ್ಳು ತರುವುದು, ಗುಡಿ ಕಟ್ಟುವುದು, ಕಳಶಕ್ಕೆ ಹತ್ತುವುದು, ಒಂದೊಂದೂ ಹಂಚಿಕೊಂಡ ಹೊಣೆ. ಮ್ಯಾಸಬೇಡರ ಕಟ್ಟೆಮನೆಗಳಲ್ಲೂ ಹಲವು ಹಟ್ಟಿಗಳು ಒಂದೇ ಪೆಟ್ಟಿಗೆ ದೇವರಿಗೆ, ಒಂದೇ ದೇವರೆತ್ತಿನ ಹಿಂಡಿಗೆ ನಡೆದುಕೊಳ್ಳುತ್ತವೆ. ಯಾರ ಪಾಲಿಗೆ ಯಾವ ಕೆಲಸ ಎಂಬುದು ಮೊದಲೇ ತೀರ್ಮಾನವಾಗಿರುವುದರಿಂದ ಮುಂದಿನ ಸಲವೂ ಅವರು ಸೇರಲೇಬೇಕು. ಸಂಭ್ರಮದ ವರ್ಷದಲ್ಲಿ ಇಲ್ಲದ್ದು ಈ ‘ಸೇರಲೇಬೇಕು’.

ಇಲ್ಲಿ ನಮ್ಮ ಕೆಲವು ವಿಮರ್ಶಕರು ತಡೆಯುತ್ತಾರೆ. ಜಾತ್ರೆ ಜಾತಿಯ ಕೂಟ, ಮೈಲಿಗೆಯ ಕೂಟ. ಅದನ್ನು ಪ್ರಜಾಪ್ರಭುತ್ವದ ಸರ್ಕಾರಕ್ಕೆ ಮಾದರಿ ಮಾಡಬಾರದು ಎಂದು ಅವರ ವಾದ. ಮೈಲಿಗೆಯ ಮಾತು ನಿಜ. ಮುಟ್ಟಾದ ಹೆಣ್ಣನ್ನು, ಹಸಿಬಾಣಂತಿಯನ್ನು ಗೊಲ್ಲರಹಟ್ಟಿಯ ಹೊರಗಿಡುವ ರೂಢಿಗೆ ಯಾವ ಸಮರ್ಥನೆಯೂ ಇಲ್ಲ, ಅದು ಹೋಗಲೇಬೇಕು. ಆದರೆ ಅಂಥದೇ ಹಟ್ಟಿಯಿಂದ ಸಿರಿಯಜ್ಜಿ ಬಂದರು. ಚಳ್ಳಕೆರೆ ತಾಲ್ಲೂಕಿನ ಈ ಕಾಡುಗೊಲ್ಲ ಹೆಣ್ಣುಮಗಳ ಹಾಡುಗಳನ್ನು ಕೃಷ್ಣಮೂರ್ತಿ ಹನೂರರು ಸಂಗ್ರಹಿಸಿದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಸಿರಿಯಜ್ಜಿಗೆ ನಾಡೋಜ ಗೌರವ ಕೊಟ್ಟಿತು. ಸಂಭ್ರಮದಲ್ಲಿ ನಾಡಿಗೆಲ್ಲ ಹಾಡಿಸಿದ ಐದು ಹಾಡುಗಳಲ್ಲಿ ಅಂಥ ಬಾಯಿಪಾಠದ ಪರಂಪರೆಯ ಒಂದು ಪದವೂ ಇರಲಿಲ್ಲ. ಹಟ್ಟಿಯ ಹೆಣ್ಣುಮಕ್ಕಳ ಬಗ್ಗೆ ಕಾಳಜಿಯಿರುವ ವಿಮರ್ಶಕ ಮೊದಲು ಕೇಳಬೇಕಾದದ್ದು ಇದನ್ನೇ. ಜಾತ್ರೆ ಅವರನ್ನು ಹೊರಗಿಟ್ಟಿತು ಎಂದು ಬರೆದು, ರಥದ ಮುಂದಿನ ವೇದಿಕೆ ಅವರಿಗೆ ಕೊಟ್ಟದ್ದೇನು ಎಂದು ಕೇಳದಿದ್ದರೆ ಆ ವಿಮರ್ಶೆ ಅರ್ಧದಾರಿಯಲ್ಲೇ ನಿಲ್ಲುತ್ತದೆ. ಹೊಣೆ ಹಂಚಿಕೊಳ್ಳುವ ಕ್ರಮವನ್ನು ಜಾತ್ರೆಯಿಂದ ಕಲಿತು ಅದರ ಮೈಲಿಗೆಯನ್ನು ಬಿಡುವುದು ಅಸಾಧ್ಯವೇನಲ್ಲ.

ಗಡಿಯಲ್ಲಿ ತೆಲುಗಿನ ಪ್ರಭಾವ ಹೆಚ್ಚಾಗಿದೆ ಎಂಬ ಇನ್ನೊಂದು ಆತಂಕವೂ ನನಗೆ ಅರ್ಥವಾಗುವುದಿಲ್ಲ. ಮೊಳಕಾಲ್ಮುರು ಸೀಮೆಯ ಎಷ್ಟೋ ಮ್ಯಾಸಬೇಡರ ಮನೆಮಾತು ತೆಲುಗು, ಓದು ವ್ಯವಹಾರ ಕನ್ನಡ. 1953ರಲ್ಲಿ ಆಂಧ್ರಕ್ಕೆ ಸೇರಿದ ರಾಯದುರ್ಗ ಅವರಿಗೆ ನೆಂಟರ ಊರು. ಎರಡು ನುಡಿಯಲ್ಲೂ ಹಾಡಬಲ್ಲವರನ್ನು ಬಿಟ್ಟು ಇಲ್ಲಿ ಯಾವ ಕೂಡುಕೆಲಸ ಸಾಧ್ಯ?

ಸಂಭ್ರಮದ ವರ್ಷ ಮುಗಿದ ಮೇಲೆ ಕೂಡುಕೆಲಸ ಉಳಿಯುತ್ತದೆಯೋ ಇಲ್ಲವೋ ಎಂಬುದಕ್ಕೆ ಹೊರಗಿನ ಎರಡು ಉದಾಹರಣೆ ಸಾಕು. ಜರ್ಮನಿಯ ರೂರ್ ಪ್ರದೇಶದ 53 ಊರುಗಳು 2010ರಲ್ಲಿ ಒಟ್ಟಾಗಿ ಯೂರೋಪಿನ ಸಂಸ್ಕೃತಿ ರಾಜಧಾನಿಯಾದವು. ವರ್ಷ ಮುಗಿದ ಮೇಲೂ ಅಲ್ಲಿನ ಪ್ರಾದೇಶಿಕ ಸಂಘವೂ ರಾಜ್ಯ ಸರ್ಕಾರವೂ ಆ ಸಹಕಾರಕ್ಕೆಂದೇ ಹಣ ತೆಗೆದಿಟ್ಟವು. ಇಂಗ್ಲೆಂಡಿನ ಕೊವೆಂಟ್ರಿ 2021ರಲ್ಲಿ ಸಂಸ್ಕೃತಿ ನಗರವಾಯಿತು; ಅದನ್ನು ನಡೆಸಿದ ಟ್ರಸ್ಟ್ 2023ರ ಫೆಬ್ರುವರಿಯಲ್ಲಿ ದಿವಾಳಿಯ ಅಂಚಿಗೆ ಬಂದು ಆಡಳಿತಾಧಿಕಾರಿಗಳ ಕೈಸೇರಿತು.

ನಮ್ಮಲ್ಲಿ ಹಣವೊಂದನ್ನೇ ಇಟ್ಟರೂ ಸಾಲದು. ಕಾಡುಗೊಲ್ಲರ ಜುಂಜಪ್ಪನ ಕಾವ್ಯ, ಮ್ಯಾಸಬೇಡರ ಗಾದರಿ ಪಾಲನಾಯಕನ ಕಥೆ, ಎರಡೂ ದನ ಕಾಯುವವರ ನಡುವೆ ಬೆಳೆದವು. ಆ ದನಗಳು ಮೇಯುತ್ತಿದ್ದ ಚಳ್ಳಕೆರೆಯ ಅಮೃತಮಹಲ್ ಕಾವಲಿನಲ್ಲಿ ಸುಮಾರು 10,000 ಎಕರೆ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಹೋಯಿತು. ದೇವರೆತ್ತಿಗೆ ಮೇವಿಲ್ಲದ ಮೇಲೆ ಅದನ್ನು ಕಾಯುವ ಕಿಲಾರಿ ಉಳಿಯುವುದಿಲ್ಲ. ಕಿಲಾರಿ ಇಲ್ಲದೆ ಆ ಕಥೆ ಹಾಡುವ ರಾತ್ರಿಗಳೂ ಉಳಿಯುವುದಿಲ್ಲ. ಎರಡು ತಾಲ್ಲೂಕುಗಳಿಗೂ ಸೇರಿ ಒಂದು ಕಾಯಂ ಸಮಿತಿ ಬೇಕು. ಅದರಲ್ಲಿ ಸಂಸ್ಕೃತಿ ಇಲಾಖೆಯವರ ಜೊತೆ ಕಂದಾಯದವರು, ಪಶುಪಾಲನೆಯವರು, ಕಿಲಾರಿಗಳು, ಹಟ್ಟಿಯ ಹಾಡುಗಾರ್ತಿಯರು, ರಾಯದುರ್ಗದ ಕಡೆಯವರು ಕೂರಬೇಕು. ಅದು ಮೊದಲು ಕೈಗೆತ್ತಿಕೊಳ್ಳಬೇಕಾದ ವಿಷಯ ಉಳಿದಿರುವ ಕಾವಲಿನ ಮೇವು.