ಚಪ್ಪಾಳೆಗೆ ಸಿಕ್ಕ ಮೂತ್ರಪಿಂಡ

ಯಂತ್ರದಲ್ಲಿ ಅಂಗಾಂಗ ಮುದ್ರಿಸುವ ಮಾತು ಬಂದಾಗಲೆಲ್ಲ ನಮಗೆ ಡಾ. ಆಂಥೋನಿ ಅಟಾಲಾ ಅವರ ಉಪನ್ಯಾಸ ನೆನಪಾಗುತ್ತದೆ. ಅಮೆರಿಕದ ವೇಕ್ ಫಾರೆಸ್ಟ್ ಸಂಸ್ಥೆಯ ಈ ವೈದ್ಯರು 2011ರ ಮಾರ್ಚ್‌ನಲ್ಲಿ ಕ್ಯಾಲಿಫೋರ್ನಿಯಾದ ಟೆಡ್ ವೇದಿಕೆಯಲ್ಲಿ ಮಾತನಾಡಿದ್ದರು. ಅವರ ಸಂಶೋಧನೆಯ ಬಗ್ಗೆ ನಮಗೆ ಗೌರವವಿದೆ. ತಕರಾರು ಇರುವುದು ಉಪನ್ಯಾಸದ ಜೋಡಣೆಯ ಕುರಿತು.

ಮುದ್ರಣಯಂತ್ರ ವೇದಿಕೆಯ ಮೇಲೆಯೇ ಇದೆ. ವೈದ್ಯರು ಕೈಗವಸು ತೊಟ್ಟು ನಸುಗೆಂಪು ಮೂತ್ರಪಿಂಡದ ಆಕೃತಿಯನ್ನು ತೋರಿಸುತ್ತಾರೆ. ಹತ್ತು ವರ್ಷಗಳ ಹಿಂದೆ ಪ್ರಯೋಗಾಲಯದಲ್ಲಿ ಬೆಳೆಸಿದ ಮೂತ್ರಕೋಶ ಪಡೆದಿದ್ದ ಯುವಕನೊಬ್ಬನೂ ಬರುತ್ತಾನೆ. ನೋಡುವವರ ಮನಸ್ಸು ಎರಡನ್ನೂ ಕೂಡಿಸಿಬಿಡುತ್ತದೆ: ಈ ಯಂತ್ರವೇ ಈ ಹುಡುಗನನ್ನು ಉಳಿಸಿತು!

ಅವನ ಮೂತ್ರಕೋಶ ಮುದ್ರಿತವಲ್ಲ. ರೋಗಿಯದೇ ಜೀವಕೋಶಗಳನ್ನು ಬೆಳೆಸಿ, ಚೀಲದಾಕಾರದ ಚೌಕಟ್ಟಿನ ಹೊರಗೆ ಸ್ನಾಯುವಿನ ಕೋಶ, ಒಳಗೆ ಒಳಪೊರೆಯ ಕೋಶ ಎಂದು ಕೈಯಿಂದಲೇ ಹಚ್ಚಿದ್ದು. ಅಂಥ 7 ರೋಗಿಗಳ ವರದಿ 2006ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದಾಗ ಜಗತ್ತು ಬೆರಗಾಯಿತು. 2014ರಲ್ಲಿ ಬಂದ ಮುಂದಿನ ಪ್ರಯೋಗದ ಫಲಿತಾಂಶ ನಿರಾಶೆ ತಂದಿತು. ಅದು ಅಷ್ಟು ಸುದ್ದಿಯಾಗಲಿಲ್ಲ.

ಅದೂ ಮೂತ್ರಕೋಶವೆಂದರೆ ಒಂದು ಚೀಲ. ಮೂತ್ರಪಿಂಡದ ಕಥೆಯೇ ಬೇರೆ. ಒಂದೊಂದರಲ್ಲೂ ಸುಮಾರು 10 ಲಕ್ಷ ಸೋಸುವ ಘಟಕಗಳು, ಪ್ರತಿಯೊಂದಕ್ಕೂ ಕೂದಲಿಗಿಂತ ತೆಳುವಾದ ರಕ್ತನಾಳಗಳ ಗೊಂಚಲು. ಜೀವಕೋಶ ಬದುಕಬೇಕಾದರೆ ಮಿಲಿಮೀಟರಿನ ಐದನೇ ಒಂದು ಭಾಗದಷ್ಟು ಹತ್ತಿರದಲ್ಲೇ ರಕ್ತ ಹರಿಯಬೇಕು. ಆಕಾರ ಮುದ್ರಿಸುವುದಲ್ಲ, ಈ ನಾಳಗಳನ್ನು ಹೆಣೆಯುವುದೇ ನಿಜವಾದ ಕಷ್ಟ. ವೇದಿಕೆಯ ಆಕೃತಿಯಲ್ಲಿ ಅವು ಇರಲಿಲ್ಲ. ಅದನ್ನೇ ನಿಜವಾದ ಕಿಡ್ನಿ ಎಂದು ಕೆಲವು ಸುದ್ದಿಸಂಸ್ಥೆಗಳು ಬರೆದಾಗ ವೇಕ್ ಫಾರೆಸ್ಟ್ ಸಂಸ್ಥೆಯೇ ಸ್ಪಷ್ಟನೆ ನೀಡಬೇಕಾಯಿತು. 2019ರಲ್ಲಿ ಟೆಲ್ ಅವೀವ್ ವಿಶ್ವವಿದ್ಯಾಲಯದವರು ಮುದ್ರಿಸಿದ ಪುಟಾಣಿ ಹೃದಯದ್ದೂ ಹೆಚ್ಚುಕಡಿಮೆ ಇದೇ ಪಾಡು. ಅದರಲ್ಲಿ ನಾಳಗಳಿದ್ದವು, ಕೋಶಗಳು ಮಿಡಿಯುತ್ತಿದ್ದವು. ರಕ್ತ ಪಂಪು ಮಾಡುವ ಶಕ್ತಿ ಇರಲಿಲ್ಲ. ಪತ್ರಿಕೆಯ ತಲೆಬರಹಕ್ಕೆ 'ಹೃದಯ' ಎಂಬ ಪದವೇ ಸಾಕಾಯಿತು.

ಅಟಾಲಾ ಸುಳ್ಳು ಹೇಳಿದರೆಂದು ನಾವು ಅನ್ನುತ್ತಿಲ್ಲ. ಆದರೆ ಇಂಥ ಉಪನ್ಯಾಸವನ್ನು ವಿಜ್ಞಾನಿಗಳಷ್ಟೇ ನೋಡುವುದಿಲ್ಲ. ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್‌ಗೆ ಹೋಗಿಬರುವವರೂ ಅವರ ಮನೆಯವರೂ ನೋಡುತ್ತಾರೆ. ತಮ್ಮನಿಗೆ ಕಿಡ್ನಿ ಕೊಡಲೇ ಬೇಡವೇ ಎಂದು ತೂಗುತ್ತಿರುವ ಅಕ್ಕನಿಗೆ 'ಇನ್ನೈದು ವರ್ಷ ತಡೆದರೆ ಯಂತ್ರವೇ ಕೊಡುತ್ತದಂತೆ' ಎಂಬ ಸುದ್ದಿ ಏನು ಮಾಡೀತು? ಮುದ್ರಿಸಿದ ಮೂತ್ರಪಿಂಡವನ್ನು ಇಂದಿಗೂ ಯಾವ ಮನುಷ್ಯನಿಗೂ ಜೋಡಿಸಿಲ್ಲ. ನಮ್ಮಲ್ಲಿ ಅಂಗಾಂಗ ಮಾರಾಟವನ್ನು ಅಪರಾಧವಾಗಿಸಿದ 1994ರ ಕಾನೂನಿನಡಿ ಕಸಿಗೆ ಒದಗುವ ಕಿಡ್ನಿ ಬರುವುದು ಬಹುಮಟ್ಟಿಗೆ ಹತ್ತಿರದ ಬಂಧುಗಳಿಂದ, ಇಲ್ಲವೇ ಮಿದುಳು ನಿಷ್ಕ್ರಿಯಗೊಂಡವರ ಮನೆಯವರು ಆಸ್ಪತ್ರೆಯ ಹೊರಗೆ ನಿಂತು ಅಳುತ್ತಲೇ ಹಾಕುವ ಒಂದು ಸಹಿಯಿಂದ.