ಷಟ್ಕೋನದ ಕೌದಿ ಮತ್ತು ರೂಪದ ಪ್ರಶ್ನೆ

ತುಂಡುಬಟ್ಟೆಗಳ ಹೊದಿಕೆಯನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ಎರಡು ಮಾತುಗಳಲ್ಲಿ ವಿಮರ್ಶೆಯನ್ನು ಮುಗಿಸಿಬಿಡುತ್ತಾರೆ: ಅದು ಮಿತವ್ಯಯದ ಫಲ, ಅದು ಹೆಂಗಸರ ತಾಳ್ಮೆಯ ಫಲ. ಎರಡೂ ಮೆಚ್ಚುಗೆಯ ಮಾತುಗಳೇ ಹೌದು. ಆದರೆ ಎರಡರಲ್ಲಿಯೂ ಕೃತಿಯ ರೂಪದ ವಿಚಾರವೇ ಬರುವುದಿಲ್ಲ. ನಮ್ಮ ಸಾಹಿತ್ಯ ವಿಮರ್ಶೆಯಲ್ಲಿ ‘ತೇಪೆ’ ಎಂಬುದು ಇಂದಿಗೂ ದೋಷವಾಚಕವಾಗಿಯೇ ಉಳಿದಿದೆ. ತೇಪೆಯನ್ನೇ ತತ್ತ್ವವಾಗಿಸಿಕೊಂಡ ಕಲೆಯೊಂದನ್ನು ರೂಪದ ದೃಷ್ಟಿಯಿಂದ ಪರಿಶೀಲಿಸುವುದು ಆದ್ದರಿಂದ ಅಪ್ರಸ್ತುತವಾಗಲಾರದು. ಹದಿನೆಂಟನೆಯ ಶತಮಾನದ ಕೊನೆಯ ಹೊತ್ತಿಗೆ ಇಂಗ್ಲೆಂಡಿನಲ್ಲಿ ರೂಢಿಗೆ ಬಂದ ಷಟ್ಕೋನದ ಹೊದಿಕೆಯನ್ನು ಇಲ್ಲಿ ಎತ್ತಿಕೊಂಡಿದ್ದೇನೆ.

ಅದರ ವಿಧಾನ ಹೀಗೆ: ಗಟ್ಟಿ ಕಾಗದವನ್ನು ಆರು ಸಮಬದಿಗಳ ಆಕಾರಕ್ಕೆ ಕತ್ತರಿಸುತ್ತಾರೆ. ಬಟ್ಟೆಯನ್ನು ಅದಕ್ಕಿಂತ ಸುತ್ತಲೂ ಕಾಲು ಅಂಗುಲ ಹೆಚ್ಚಾಗಿ ಕತ್ತರಿಸಿ, ಅಂಚನ್ನು ಕಾಗದದ ಮೇಲೆ ಮಡಿಚಿ ಕಚ್ಚಾ ಹೊಲಿಗೆ ಹಾಕುತ್ತಾರೆ. ಇಂಥ ಎರಡು ತುಂಡುಗಳನ್ನು ಮುಖಕ್ಕೆ ಮುಖವಿಟ್ಟು ಅಂಚುಗಳನ್ನು ಸಣ್ಣ ಹೊಲಿಗೆಗಳಿಂದ ಕೂಡಿಸುತ್ತಾರೆ. ಒಂದು ತುಂಡಿನ ಎಲ್ಲ ಬದಿಗಳಿಗೂ ನೆರೆಯವು ಸೇರಿದ ಮೇಲೆ ಕಚ್ಚಾ ಹೊಲಿಗೆ ಬಿಚ್ಚಿ ಕಾಗದವನ್ನು ಹೊರತೆಗೆಯುತ್ತಾರೆ. ಮೂರು ಮೂಲೆಗಳು, ತಲಾ 120 ಡಿಗ್ರಿಯವು, ಒಂದು ಬಿಂದುವಿನಲ್ಲಿ ಕೂಡುತ್ತವೆಯಾದ್ದರಿಂದ ನಡುವೆ ಸಂದು ಉಳಿಯುವುದಿಲ್ಲ. ಆದರೆ ಒಂದಂಗುಲದ ಬದಿಯಿದ್ದರೆ ಅಂಗುಲಕ್ಕೊಮ್ಮೆ ಹೊಲಿಗೆಯ ದಿಕ್ಕು ಬದಲಾಗುತ್ತದೆ. ಈ ತುದಿಯಿಂದ ಆ ತುದಿಗೆ ನೇರವಾಗಿ ಸಾಗುವ ಒಂದು ಹೊಲಿಗೆಯೂ ಇಲ್ಲ. ಹೊಲಿಗೆಯಂತ್ರ ಬಂದ ಮೇಲೂ ಈ ಕೆಲಸ ಬಹುಮಟ್ಟಿಗೆ ಕೈಯಲ್ಲೇ ಉಳಿದುದಕ್ಕೆ ಇದೇ ಕಾರಣ.

ಈಗ ಮಿತವ್ಯಯದ ವಾದವನ್ನು ಲೆಕ್ಕಕ್ಕೆ ಒಡ್ಡಿ ನೋಡೋಣ. ಒಂದಂಗುಲ ಬದಿಯ ಷಟ್ಕೋನದ ವಿಸ್ತೀರ್ಣ ಸುಮಾರು 2.6 ಚದರ ಅಂಗುಲ. ಮಡಿಕೆಯ ಅಂಚು ಸೇರಿದರೆ ಬೇಕಾಗುವ ಬಟ್ಟೆ ಸುಮಾರು 4.3 ಚದರ ಅಂಗುಲ. ಅಂದರೆ ಕತ್ತರಿಸಿದ ಬಟ್ಟೆಯ ಐದರಲ್ಲಿ ಎರಡು ಪಾಲು ಹಿಂಬದಿಯಲ್ಲಿ ಮಡಿಚಿಕೊಂಡು ಕಣ್ಣಿಗೇ ಬೀಳುವುದಿಲ್ಲ! ಆಕಾರಕ್ಕೆ ಕತ್ತರಿಸುವಾಗ ಉದುರಿದ ಚೂರುಗಳ ಮಾತು ಬೇರೆ. ಬಳಸುತ್ತಿದ್ದ ಬಟ್ಟೆಯೂ ಯಾವಾಗಲೂ ಅಗ್ಗದ್ದಾಗಿರಲಿಲ್ಲ. ಕೋರಮಂಡಲ ಕರಾವಳಿಯಿಂದ ಹೋಗುತ್ತಿದ್ದ ಚಿತ್ತಾರದ ಹತ್ತಿಬಟ್ಟೆಗೆ ಅಲ್ಲಿ ಎಷ್ಟು ಮೋಹವಿತ್ತೆಂದರೆ, ಸ್ಥಳೀಯ ನೇಕಾರರ ಒತ್ತಾಯಕ್ಕೆ ಮಣಿದ ಪಾರ್ಲಿಮೆಂಟು ಅಚ್ಚಿನ ಹತ್ತಿಬಟ್ಟೆಯ ಬಳಕೆಯನ್ನು 1721ರ ಕಾನೂನಿನಿಂದ ನಿಷೇಧಿಸಬೇಕಾಯಿತು. ಅದು ರದ್ದಾದದ್ದು 1774ರಲ್ಲಿ. ಅಂಥ ಬಟ್ಟೆಯ ಚೂರನ್ನು ಎತ್ತಿಡಲು ಬಡತನವೇ ಕಾರಣವಾಗಿರಬೇಕಾಗಿಲ್ಲ.

ನಿಜವಾದ ಮಿತವ್ಯಯವನ್ನು ನೋಡಬೇಕಾದರೆ ನಮ್ಮ ಕೌದಿಯನ್ನು ನೋಡಬೇಕು. ಉತ್ತರ ಕನ್ನಡದ ಸಿದ್ಧಿ ಹೆಂಗಸರು ಹಳೆಯ ಸೀರೆಯನ್ನು ತಳಕ್ಕೆ ಹಾಸಿ, ಅಂಚಿನಿಂದ ಆರಂಭಿಸಿ ಸುತ್ತುತ್ತ ನಡುವಿನ ಕಡೆಗೆ ಸಾಗುವಾಗ, ಕೈಗೆ ಸಿಕ್ಕ ತುಂಡು ತನ್ನ ಆಕಾರದಲ್ಲೇ ಬಹುಪಾಲು ಉಳಿಯುತ್ತದೆ. ಅಲ್ಲಿ ಕಾಗದದ ಅಚ್ಚಿಲ್ಲ. ತುಂಡು ರೂಪವನ್ನು ನಿರ್ಣಯಿಸುತ್ತದೆ. ಷಟ್ಕೋನದಲ್ಲಿ ರೂಪ ತುಂಡನ್ನು ನಿರ್ಣಯಿಸುತ್ತದೆ. ಒಂದನ್ನು ಗದ್ಯವೆಂದೂ ಇನ್ನೊಂದನ್ನು ಛಂದೋಬದ್ಧ ಪದ್ಯವೆಂದೂ ಕರೆದರೆ ತಪ್ಪಾಗದು. ಯಾವುದೂ ಇನ್ನೊಂದಕ್ಕಿಂತ ಕೀಳಲ್ಲ.

ಛಂದಸ್ಸಿನ ಮಾತು ಬಂದಾಗ ಕನ್ನಡದ ಓದುಗರಿಗೆ ಷಟ್ಪದಿ ನೆನಪಾಗದೆ ಇರದು. ಷಟ್ಪದವೆಂದರೆ ದುಂಬಿ, ಈ ಹೊದಿಕೆಗೆ ಇಂಗ್ಲಿಷರಿಟ್ಟ ಹಳೆಯ ಹೆಸರುಗಳಲ್ಲೊಂದು ‘ಜೇನುಗೂಡು’. ಹೋಲಿಕೆ ಆಕರ್ಷಕವಾದುದು, ಆದ್ದರಿಂದಲೇ ಎಚ್ಚರ ಬೇಕು. ಷಟ್ಪದಿಯ ಆರು ಪಾದಗಳು ಸಮವಲ್ಲ. ಭಾಮಿನಿಯಲ್ಲಿ 1, 2, 4, 5ನೆಯ ಪಾದಗಳಿಗೆ 14 ಮಾತ್ರೆಗಳಾದರೆ 3 ಮತ್ತು 6ನೆಯವಕ್ಕೆ 23. ಕುಮಾರವ್ಯಾಸನ ಕಥನಕ್ಕೆ ಓಟವೂ ನಿಲುಗಡೆಯೂ ದೊರೆತದ್ದು ಈ ಅಸಮತೆಯಿಂದ. ಷಟ್ಕೋನಕ್ಕೆ ಅಂಥ ದೀರ್ಘಪಾದವಿಲ್ಲ. ಆರೂ ಬದಿ ಒಂದೇ ಅಳತೆ. ಹೀಗಾಗಿ ಲಯದ ಹೊಣೆಯನ್ನೆಲ್ಲ ಬಣ್ಣವೇ ಹೊರಬೇಕಾಗುತ್ತದೆ. ನಡುವೆ ಒಂದು, ಸುತ್ತ 6, ಅದರ ಸುತ್ತ 12 ಎಂದು ಬಣ್ಣಗಳನ್ನು ಜೋಡಿಸಿದಾಗ ಹೂವು ಮೂಡುತ್ತದೆ. 1920, 30ರ ದಶಕಗಳ ಅಮೆರಿಕದಲ್ಲಿ ‘ಅಜ್ಜಿಯ ಹೂದೋಟ’ವೆಂದು ಮನೆಮಾತಾದದ್ದು ಈ ವಿನ್ಯಾಸವೇ. ಹೂವುಗಳೆಲ್ಲ ಒಂದೇ ತೂಕದವಾದರೆ ಕಣ್ಣು ಬಹುಬೇಗ ದಣಿಯುತ್ತದೆಂಬುದನ್ನೂ ಹೇಳಬೇಕು. ಪಾದಪೂರಣಕ್ಕಾಗಿ ಪದ ತುಂಬಿದ ಕವಿಗಳನ್ನು ಬಲ್ಲ ನಮಗೆ ಈ ದಣಿವು ಹೊಸದಲ್ಲ.

ಆದರೆ ರೂಪದ ಸಮತೆಯೇ ಅರ್ಥವಾಗಿ ಪರಿಣಮಿಸಿದ ನಿದರ್ಶನವೂ ಉಂಟು. ಎರಡನೆಯ ಮಹಾಯುದ್ಧದಲ್ಲಿ ಸಿಂಗಪುರದ ಚಾಂಗಿ ಸೆರೆಮನೆಯಲ್ಲಿ ಜಪಾನಿಯರ ಬಂದಿಗಳಾಗಿದ್ದ ಗರ್ಲ್ ಗೈಡ್ ಬಾಲಕಿಯರು ತಮ್ಮ ನಾಯಕಿ ಎಲಿಜಬೆತ್ ಎನ್ನಿಸ್ ಅವರ ಹುಟ್ಟುಹಬ್ಬಕ್ಕೆಂದು ಗುಟ್ಟಾಗಿ ಹೊಲಿದ ಹೊದಿಕೆ ಇದೇ ಷಟ್ಕೋನದ ಹೂವುಗಳದು. ಸಿಕ್ಕ ಚಿಂದಿ, ಹಳೆಯ ಉಡುಪಿನಿಂದ ಬಿಚ್ಚಿದ ದಾರ, ಹೂವುಗಳ ನಡುವೆ ಕಸೂತಿಯಲ್ಲಿ ಅವರವರ ಹೆಸರು. ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂ ಅದನ್ನು ಕಾಪಾಡಿದೆ. ಇಲ್ಲಿ ಏಕತಾನತೆಯ ಆಕ್ಷೇಪ ನಿಲ್ಲುವುದಿಲ್ಲ. ಹೆಸರುಗಳ ಪಟ್ಟಿಗೆ ಸಮಾನವಾದ ಅಂಕಣಗಳೇ ಬೇಕು.

ಹಸ್ತಪ್ರತಿಗಳೊಡನೆ ಒಡನಾಡಿದವರನ್ನು ಹೆಚ್ಚು ಸೆಳೆಯುವುದು ಹಿಂಬದಿ. ಕಾಗದದ ಅಚ್ಚುಗಳಿಗೆ ಹಳೆಯ ಪತ್ರ, ಲೆಕ್ಕದ ಹಾಳೆ, ಮುದ್ರಿತ ಪುಟಗಳನ್ನು ಕತ್ತರಿಸುತ್ತಿದ್ದುದರಿಂದ, ಮುಗಿಯದ ಹೊದಿಕೆಗಳ ಬೆನ್ನಲ್ಲಿ ಅರ್ಧಂಬರ್ಧ ಸಾಲುಗಳು ಇಂದಿಗೂ ಸಿಗುತ್ತವೆ. 1718ರ ತಾರೀಖನ್ನು ಹೊತ್ತ ರೇಷ್ಮೆಯ ಹೊದಿಕೆಯೊಂದು ಬ್ರಿಟನ್ನಿನ ಕ್ವಿಲ್ಟರ್ಸ್ ಗಿಲ್ಡ್ ಸಂಗ್ರಹದಲ್ಲಿದೆ. ಅದು ಷಟ್ಕೋನದ್ದಲ್ಲ, ವಿಧಾನ ಮಾತ್ರ ಇದೇ. ಅದರ ಕಾಗದಗಳು ಒಳಗೇ ಉಳಿದಿವೆ. ಪೂರ್ಣಗೊಳಿಸಿದವಳು ಕಾಗದವನ್ನು ತೆಗೆದಳು, ಸಂಶೋಧಕನಿಗೆ ಆಧಾರ ತಪ್ಪಿತು. ಅರ್ಧಕ್ಕೆ ಬಿಟ್ಟವಳ ಕೆಲಸದಲ್ಲಿ ಆಧಾರ ಉಳಿಯಿತು, ಹೊದೆಯುವವರಿಗೆ ಹೊದಿಕೆ ಸಿಗಲಿಲ್ಲ. ಪ್ರದರ್ಶನಗಳಲ್ಲಿ ಇಂಥವನ್ನು ಗೋಡೆಗೆ ತೂಗುಹಾಕಿ ಮುಖವನ್ನಷ್ಟೇ ತೋರಿಸುವ ಪದ್ಧತಿ ನನಗೆ ಒಪ್ಪಿತವಲ್ಲ. ಹಿಂಬದಿಯ ಛಾಯಾಚಿತ್ರವನ್ನಾದರೂ ಪಕ್ಕದಲ್ಲಿಡಬಹುದು.