ಗಿಬ್ರಾನನೋ ಜಿಬ್ರಾನನೋ?

ಅರಬ್ಬಿ ಸಾಹಿತ್ಯ ನಮಗೆ ದೊರೆಯುವುದು ಬಹುಮಟ್ಟಿಗೆ ಇಂಗ್ಲಿಷಿನ ಮೂಲಕ. ಕೃತಿಯೊಡನೆ ಕರ್ತೃವಿನ ಹೆಸರೂ ಅದೇ ದಾರಿಯಲ್ಲಿ ಬರುತ್ತದೆ. ರೋಮನ್ ಅಕ್ಷರಗಳನ್ನು ಕಂಡಂತೆ ಕೂಡಿಸಿ ಓದಿ, ಕನ್ನಡದಲ್ಲಿ ಹಾಗೆಯೇ ಬರೆದುಬಿಡುವುದು ನಮ್ಮ ವಿಮರ್ಶೆಯಲ್ಲಿ ರೂಢಿಯಾಗಿಹೋಗಿದೆ. ಇದು ಅಲಕ್ಷಿಸತಕ್ಕ ಸಂಗತಿಯೆಂದು ನನಗೆ ತೋರುವುದಿಲ್ಲ.

1923ರಲ್ಲಿ ‘ದಿ ಪ್ರಾಫೆಟ್’ ಪ್ರಕಟಿಸಿದ ಕವಿಯನ್ನು ನಾವು ಗಿಬ್ರಾನ್ ಎನ್ನುತ್ತೇವೆ. 1883ರಲ್ಲಿ ಲೆಬನಾನಿನಲ್ಲಿ ಹುಟ್ಟಿದ ಆತ ಅರಬ್ಬಿ ಓದುಗರಿಗೆ ಜುಬ್ರಾನ್ ಖಲೀಲ್ ಜುಬ್ರಾನ್. ಇಂಗ್ಲಿಷ್ ಬಲ್ಲವರ ಬಾಯಲ್ಲೂ ಜಿಬ್ರಾನನೇ. ರೋಮನ್ ‘ಜಿ’ ಅಕ್ಷರ ಜಕಾರವನ್ನೂ ಸೂಚಿಸಬಲ್ಲುದೆಂಬುದನ್ನು ಮರೆತುದರ ಫಲ ನಮ್ಮ ಗಕಾರ.

ಹಾಗೆಂದು ಅರಬ್ಬಿ ಹೆಸರಿನಲ್ಲಿ ‘ಜಿ’ ಕಂಡಲ್ಲೆಲ್ಲ ಜಕಾರ ಹಚ್ಚುವುದೂ ಸಲ್ಲದು. 1988ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಈಜಿಪ್ಟಿನ ಕಾದಂಬರಿಕಾರನ ಹೆಸರಿನಲ್ಲಿರುವುದೂ ಅದೇ ‘ಜೀಮ್’ ಅಕ್ಷರ. ಗ್ರಾಂಥಿಕ ಅರಬ್ಬಿಯಲ್ಲಿ ಅದು ನಜೀಬ್. ಕೈರೋದ ಬಾಯಲ್ಲಿ ನಗೀಬ್. ಕೈರೋದ ಓಣಿಗಳನ್ನೇ ಕಾದಂಬರಿಯಾಗಿಸಿದವನಿಗೆ ಆ ಓಣಿಗಳ ಉಚ್ಚಾರವೇ ಪ್ರಮಾಣ. ಇನ್ನು ಹೆಸರಿನ ಉತ್ತರಾರ್ಧ ಮಹ್‌ಫೂಜ್. ಅಲ್ಲಿಯ ‘ಓ-ಯು’ ಜೋಡಿ ಫ್ರೆಂಚ್ ಪದ್ಧತಿಯ ಊಕಾರ. ಅದನ್ನು ಔಕಾರವೆಂದು ಓದಬಾರದು.

ಈ ಹೆಸರಿಗೊಂದು ಕಥೆಯೂ ಉಂಟು. 1911ರಲ್ಲಿ ಕಷ್ಟದ ಹೆರಿಗೆಯನ್ನು ಸುಸೂತ್ರವಾಗಿ ಮಾಡಿಸಿದ ವೈದ್ಯ ನಗೀಬ್ ಮಹ್‌ಫೂಜ್ ಕಾಪ್ಟಿಕ್ ಕ್ರೈಸ್ತರು. ಮುಸಲ್ಮಾನ ತಂದೆ ಅಬ್ದುಲ್ ಅಜೀಜರು ಮಗುವಿಗೆ ಆ ಹೆಸರನ್ನೇ ಇಡಿಯಾಗಿ ಇಟ್ಟರು. ‘ಮಹ್‌ಫೂಜ್’ ಎಂದರೆ ಕಾಪಾಡಲ್ಪಟ್ಟವನು. ಒಂದು ಮನೆಯ ಕೃತಜ್ಞತೆ ಈ ಶಬ್ದದಲ್ಲಿ ನಿಂತಿದೆ. ಇದನ್ನು ತಿರುಚಿದರೆ ಕೆಡುವುದು ಕಾಗುಣಿತ ಮಾತ್ರವಲ್ಲ.

‘ಜವಾಬು, ತಾರೀಖು, ವಕೀಲ ಮುಂತಾದ ಅರಬ್ಬಿ ಮಾತುಗಳನ್ನು ಕನ್ನಡ ತನಗೆ ಬೇಕಾದಂತೆ ತಿದ್ದಿಕೊಳ್ಳಲಿಲ್ಲವೇ?’ ಎಂದು ಯಾರಾದರೂ ಕೇಳಬಹುದು. ತಿದ್ದಿಕೊಂಡಿತು, ನಿಜ. ಆದರೆ ಅವು ಬಾಯಿಂದ ಕಿವಿಗೆ, ಕಿವಿಯಿಂದ ನಾಲಗೆಗೆ ಬಂದು ಸವೆದ ಮಾತುಗಳು. ಆ ಸವೆತ ಭಾಷೆಯ ಜೀವಲಕ್ಷಣ. ಗಿಬ್ರಾನ್ ಎಂಬುದಾದರೋ ಯಾರ ಕಿವಿಗೂ ಬೀಳದೆ, ಪರಲಿಪಿಯನ್ನು ಕಣ್ಣು ತಪ್ಪಾಗಿ ಓದಿದ್ದರಿಂದ ಹುಟ್ಟಿದ ರೂಪ.

ಅರಬ್ಬಿಯ ಗಂಟಲಿನ ಹಕಾರವನ್ನು ನಮ್ಮ ಓದುಗರು ಸಾಧಿಸಬೇಕೆಂದು ನಾನು ಹೇಳುತ್ತಿಲ್ಲ. ಜಕಾರವೂ ಗಕಾರವೂ ಊಕಾರವೂ ನಮ್ಮ ವರ್ಣಮಾಲೆಯಲ್ಲೇ ಇವೆ. ರೋಮನ್ ಲಿಪಿಗಿಲ್ಲದ ಖಚಿತತೆ ಅವಕ್ಕಿದೆ. ಲೇಖಕನ ಊರಿನವರು ಅವನನ್ನು ಏನೆಂದು ಕರೆಯುತ್ತಾರೆಂದು ವಿಚಾರಿಸಿ ಬರೆಯುವುದು ಅನುವಾದಕನ ಮೊದಲ ಕರ್ತವ್ಯ. ಮುಂದಿನ ಮುದ್ರಣಗಳಲ್ಲಾದರೂ ರಕ್ಷಾಪುಟದ ಮೇಲೆ ಜಿಬ್ರಾನ್ ಎಂದೇ ಅಚ್ಚಾಗಲಿ.